ಅತ್ತೆಗೆ ಒಪ್ಪಿಸಿದ ವಿಮೆಯ ಪಾಠ

ಮದುವೆಯಾಗಿ ದಾಂಡೇಲಿಗೆ ಬಂದ ಎರಡನೆಯ ವರ್ಷ ನಾನು ನನ್ನ ಯಜಮಾನರನ್ನು ವಿಮೆಯ ಪರೀಕ್ಷೆಯಲ್ಲಿ ನಪಾಸು ಮಾಡಿಸಿದೆ. ಹೀಗೆ ಹೇಳಿದರೆ ಅವರು ಈಗಲೂ ಮುಖ ಸಣ್ಣದು ಮಾಡುತ್ತಾರೆ. "ಪರೀಕ್ಷಾಕ್ಕ ಕುಂತಾಂವ ನಾನು, ನೀ ಹೆಂಗ ನಪಾಸ ಮಾಡಿಸ್ತಿ?" ಅನ್ನುತ್ತಾರೆ. ಆದರೆ ನಡೆದದ್ದು ಹಾಗೆಯೇ, ಮುಚ್ಚಿಟ್ಟು ಏನು ಮಾಡಲಿ?

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಾಗದದ ಗಿರಣಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸಗಾರರು ಬಂದು ಇಳಿಯುತ್ತಲೇ ಇದ್ದರು. ತಿಂಗಳ ಪಗಾರ ಕೈಗೆ ಬರುವ ಮಂದಿ ಹೆಚ್ಚಾದರೆಂದು ಅಲ್ಲೊಂದು ಎರಡು ಖೋಲಿಯ ವಿಮಾ ಕಚೇರಿಯೂ ತೆರೆಯಿತು. ನಮ್ಮವರು ಅಲ್ಲಿ ಗುಮಾಸ್ತರು, ಅದೂ ಹಂಗಾಮಿ. ಮೇಲಿನ ಸಾಹೇಬರು ಒಂದು ದಿನ ಕರೆದು ಹೇಳಿದರಂತೆ: ವಿಮೆಯ ಪರೀಕ್ಷೆಯ ಮೊದಲ ಭಾಗ ಪಾಸು ಮಾಡಿದರೆ ಕೆಲಸ ಕಾಯಂ, ಎರಡು ಸಲ ಕೂರಬಹುದು, ಎರಡರಲ್ಲೂ ಆಗದಿದ್ದರೆ ಅವಧಿ ಮುಗಿದ ದಿನ ಮನೆಗೆ ಹೋಗಬೇಕು. ಮನೆ ಎಂದರೆ ಮುಂಡಗೋಡದ ಹತ್ತಿರದ ಊರು. ಅಲ್ಲಿ ಭಾವನವರಿಗೆ, ಅಂದರೆ ಇವರ ಅಣ್ಣನಿಗೆ, ಕಾಳುಕಡಿಯ ದೊಡ್ಡ ಅಂಗಡಿ. ಭಾವನವರು ಕೆಟ್ಟವರಲ್ಲ. ಆದರೆ ಅಂಗಡಿಯಲ್ಲಿ ತಮ್ಮನ ಕೆಲಸವೆಂದರೆ ಅಣ್ಣ ಹೇಳಿದ್ದಕ್ಕೆ ಹೂಂ ಅನ್ನುವುದು. ಇವರು ಹಾಗೆ ಹೂಂ ಅಂದು ಅಂದು ಬೇಸತ್ತೇ ನೌಕರಿ ಹುಡುಕಿಕೊಂಡು ಹೊರಟವರು.

ಇವರು ಓದಿದ್ದು ಕನ್ನಡ ಶಾಲೆಯಲ್ಲಿ. ಮ್ಯಾಟ್ರಿಕ್‌ವರೆಗೆ ಇಂಗ್ಲಿಷನ್ನು ಹೇಗೋ ಎಳೆದುಕೊಂಡು ಬಂದಿದ್ದರು. ವಿಮೆಯ ಪುಸ್ತಕವೋ ಪೂರ್ತಿ ಇಂಗ್ಲಿಷು. ಒಂದೊಂದು ವಾಕ್ಯ ಅರ್ಧ ಪುಟ. ನಾನು ಕ್ಯಾಸಲ್‌ರಾಕಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಬೆಳಗಾವಿಯ ಕಾನ್ವೆಂಟಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು. ಇಂಗ್ಲಿಷು ನನಗೆ ಮನೆಯ ಹಿತ್ತಿಲಿದ್ದ ಹಾಗೆ. ಅವರು ಆ ಪುಸ್ತಕವನ್ನು ಮೊದಲ ದಿನ ಮನೆಗೆ ತಂದು ಮೇಜಿನ ಮೇಲಿಟ್ಟಾಗ ನನಗೆ ಎಷ್ಟು ಹಿಗ್ಗಾಯಿತೆಂದರೆ, ಕೈ ತೊಳೆದುಕೊಂಡು ಬಂದು ಅದರ ಬೆನ್ನನ್ನು ಸವರಿ ನೋಡಿದೆ. ನೀಲಿ ಬಟ್ಟೆಯ ರಟ್ಟು. ಮೂಲೆಯಲ್ಲಿ ಯಾರೋ ಹಿಂದೆ ಓದಿದವರ ಚಹಾದ ಕಲೆ.

"ನಾ ಓದಸ್ತೇನ್ರಿ," ಅಂದೆ.

"ನೀನು?"

"ನೋಡ್ರಿ ಬೇಕಾದ್ರ. ನಮ್ಮ ಕಾನ್ವೆಂಟಿನಾಗ ಒಬ್ಬರೂ ನಪಾಸಾಗಿದ್ದಿಲ್ಲ."

ಆ ಜಂಬವೇ ಮುಂದೆ ಕುತ್ತಿಗೆಗೆ ಬಂತು.

ಕಾನ್ವೆಂಟಿನ ಕ್ರಮ ಹೀಗೆ. ಸಿಸ್ಟರ್ ಪ್ರಶ್ನೆ ಕೇಳುವರು, ಇಡೀ ತರಗತಿ ಎದ್ದು ನಿಂತು ಒಂದೇ ದನಿಯಲ್ಲಿ ಉತ್ತರ ಹೇಳುವುದು. ಮೊದಲನೆಯದಾದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಜಪಮಾಲೆಯ ಮಣಿ ಸರಿದ ಹಾಗೆ. ಒಂದಕ್ಷರ ಆಚೀಚೆ ಆದರೆ ಸಿಸ್ಟರ್ ಮೊದಲಿನಿಂದ ಹೇಳಿಸುತ್ತಿದ್ದರು. ನಾನೂ ಹಾಗೇ ಒಂದು ನೋಟುಬುಕ್ಕು ಮಾಡಿದೆ: ಅಂಚಿಗೆ ಗೆರೆ, ಪ್ರಶ್ನೆಗೆ ಕೆಂಪು ಶಾಯಿ, ಉತ್ತರಕ್ಕೆ ನೀಲಿ. ಬೆಳಿಗ್ಗೆ ಗಿರಣಿಯ ಮೊದಲ ಭೋಂಗಾ ಕೂಗಿದ ಕೂಡಲೇ ಇವರು ಮುಖ ತೊಳೆದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುವರು. ನಾನು ರೊಟ್ಟಿ ಬಡಿಯುತ್ತ ಕೇಳುವುದು, ಅವರು ಹೇಳುವುದು. ಎರಡು ತಿಂಗಳಲ್ಲಿ ಅರವತ್ತು ಪ್ರಶ್ನೆ ಬಾಯಿಗೆ ಬಂದುವು. ನನ್ನ ಕೈಯ ತಾಳಕ್ಕೆ ಸರಿಯಾಗಿ ಅವರ ಉತ್ತರ ಉರುಳುತ್ತಿತ್ತು. ಎಲ್ಲೂ ತಡವರಿಕೆ ಇಲ್ಲ. ಮಗ್ಗುಲು ಮನೆಯಾಕೆ ಗೋಡೆಯಾಚೆಯಿಂದ, "ಯಾವ ಮಂತ್ರಾರೀ ಅದು, ದಿನಾ ಹೇಳ್ತಾರಲ್ಲ?" ಅಂತ ಕೇಳಿದ್ದಳು. ನಾನು ಬೀಗಿದೆ.

ಪರೀಕ್ಷೆ ಧಾರವಾಡದಲ್ಲಿ. ಮುಗಿಸಿ ಬರುವ ದಿನ ನಾನು ಸ್ಟೇಶನ್ನಿಗೆ ಹೋಗಿದ್ದೆ. ಸಾಗವಾನಿಯ ದಿಮ್ಮಿಗಳು ಸಾಲಾಗಿ ಬಿದ್ದಿದ್ದ ಆ ಪುಟ್ಟ ಸ್ಟೇಶನ್ನಿನಲ್ಲಿ ಹಸಿ ಕಟ್ಟಿಗೆಯ ವಾಸನೆ. ಗಾಡಿಯಿಂದ ಇಳಿದ ಇವರು ನನ್ನನ್ನು ನೋಡಿ ನಕ್ಕರು. ಅಂಗಿಯ ಬಲಗೈ ತುದಿಗೆ ಶಾಯಿ ತಗುಲಿತ್ತು, ಅದನ್ನು ಮಡಚಿಕೊಂಡಿದ್ದರು. ನಗು ಮಾತ್ರ ಸರಿಯಿರಲಿಲ್ಲ.

"ಎಲ್ಲಾ ಬಂದಿತ್ತು," ಅಂದರು ದಾರಿಯಲ್ಲಿ. "ನಿನ್ನ ಅರವತ್ತರೊಳಗಿನವ ಬಂದಿದ್ವು."

"ಮತ್ತ?"

"ಮತ್ತೇನು? ಮೊದಲನೇದಕ್ಕ ಕೇಳಿದ್ದು ನಿನ್ನ ನಲವತ್ತೊಂದನೇದು. ನಲವತ್ತೊಂದನೇದು ನೆನಪಾಗಬೇಕಂದ್ರ ಒಂದರಿಂದ ಹೇಳ್ಕೋತ ಬರಬೇಕು. ಹೇಳ್ಕೋತ ಬಂದೆ. ಎರಡನೇದು ಹದಿನೇಳನೇದು. ಮತ್ತ ಒಂದರಿಂದ ಹೊಂಟೆ."

ನಾನು ನಿಂತುಬಿಟ್ಟೆ.

"ಮುಂದಿನ ಬೆಂಚಿನಾಂವ ಹೊಳ್ಳಿ ನೋಡಿದ. ತುಟಿ ಅಲ್ಲಾಡತಿದ್ವಲ್ಲ. ಪೂಜಾ ಮಾಡಾಕತ್ತಾನ ಅಂದ್ಕೊಂಡಿರಬೇಕು."

ಇದನ್ನು ಹೇಳುವಾಗ ಅವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ನೋಟುಬುಕ್ಕಿನ ಮುಂದೆ ಕೂತು ಅತ್ತುಬಿಟ್ಟೆ. ಪ್ರತಿ ಪೇಪರಿನಲ್ಲೂ ಎರಡೆರಡು ಪ್ರಶ್ನೆ ಬರೆಯುವುದಕ್ಕೇ ಹೊತ್ತು ಸಾಲದೆ ಬಿಟ್ಟು ಬಂದಿದ್ದರು. ಇನ್ನು ಕೆಲವು ಕಡೆ ಪ್ರಶ್ನೆಯ ಮಾತು ಬೇರೆಯಾಗಿತ್ತು. ಕೆಂಪು ಶಾಯಿಯ ಮಾತೇ ಬಂದಿದ್ದರೆ ಉತ್ತರ ಹೊರಡುತ್ತಿತ್ತು, ಬರಲಿಲ್ಲ, ಹೊರಡಲಿಲ್ಲ. ನಾನು ಅವರಿಗೆ ಪಾಠ ಕಲಿಸಿರಲಿಲ್ಲ, ಸರಪಳಿ ಕಟ್ಟಿ ಕೊಟ್ಟಿದ್ದೆ.

ನಪಾಸಾದ ಕಾಗದ ಬಂದ ಹದಿನೈದು ದಿನಕ್ಕೆ ಭಾವನವರ ಕಾರ್ಡು ಬಂತು. ಉದ್ದ ಇರಲಿಲ್ಲ. ಇನ್ನೊಂದು ಸಲ ಬೇಕಾದರೆ ಕೂರಲಿ, ಆದರೆ ಅವ್ವನನ್ನು ಕಳಿಸುತ್ತಿದ್ದೇನೆ, ಸಾಮಾನು ಕಟ್ಟುವುದಕ್ಕೆ ಸೊಸೆಗೆ ಒಂದು ಕೈ ಆಗುತ್ತದೆ, ಎಂದಿತ್ತು. ಅಂದರೆ ಎರಡನೆಯ ಸಲವೂ ಆಗುವುದಿಲ್ಲವೆಂದು ಊರಲ್ಲಿ ತೀರ್ಮಾನ ಆಗಿಬಿಟ್ಟಿತ್ತು.

ಅತ್ತೆಯವರು ಹಳಿಯಾಳದಲ್ಲಿ ಬಸ್ಸು ಬದಲಿಸಿ, ಒಬ್ಬರೇ, ಒಂದು ಚೀಲ ಜೋಳ, ಒಂದು ಗಡಿಗೆ ಬೆಣ್ಣೆ ಹೊತ್ತುಕೊಂಡು ಬಂದು ಇಳಿದರು. ಎತ್ತರದ ಆಳು, ಹಣೆ ತುಂಬ ವಿಭೂತಿ. ಓದು ಬರಹ ಇಲ್ಲ. ಮನೆಯೊಳಗೆ ಬಂದವರೇ ಕಣ್ಣಾಡಿಸಿ, "ಎಷ್ಟರೆ ಸಣ್ಣ ಮನೀನವ್ವಾ! ಒಂದು ದಿನದಾಗ ಕಟ್ಟಬಹುದು," ಅಂದರು. ಮರುದಿನವೇ ದೊಡ್ಡ ಕೊಳಗ, ಹಿತ್ತಾಳೆಯ ತಪ್ಪೇಲಿ, ಹೆಚ್ಚಿನ ತಾಟು ಎಲ್ಲ ಗೋಣಿಚೀಲ ಸೇರಿದವು. ನಾನು ಎರಡು ಪಾತ್ರೆಯಲ್ಲಿ ಅಡುಗೆ ಮಾಡತೊಡಗಿದೆ. ಅವರೊಡನೆ ಜಗಳವಾಡುವಷ್ಟು ಧೈರ್ಯ ನನಗಿರಲಿಲ್ಲ. ಜಗಳವಾಡಬೇಕೆನಿಸುವ ಹಾಗೆ ಅವರೂ ನಡೆದುಕೊಳ್ಳಲಿಲ್ಲ. ಚೀಲ ಕಟ್ಟುತ್ತ ಕಟ್ಟುತ್ತಲೇ, "ಬೆಣ್ಣಿ ಹಚ್ಚಿಕೊಂಡು ತಿನ್ನ, ಕಡ್ಡಿ ಆಗೀ," ಅನ್ನುತ್ತಿದ್ದರು.

ಅವರ ಲಿಂಗಪೂಜೆ ಮುಗಿಯುವವರೆಗೆ ಮನೆಯಲ್ಲಿ ಗದ್ದಲ ಮಾಡುವಂತಿಲ್ಲ. ಹಾಗಾಗಿ ನಮ್ಮ ಓದು ಪೂಜೆಯಾದ ಮೇಲೆ ಶುರು. ಮೂರನೆಯ ದಿನ ನಾವಿಬ್ಬರೂ ಹೊಸದಾಗಿ ಹೇಗೆ ಓದುವುದೆಂದು ತಿಳಿಯದೆ ಅದೇ ಹಳೆಯ ಪ್ರಶ್ನೋತ್ತರ ಹಿಡಿದು ಕೂತಿದ್ದೆವು. ಅತ್ತೆಯವರು ಸೊಪ್ಪು ಸೋಸುತ್ತಿದ್ದರು.

"ಯಪ್ಪಾ, ಏನದು?" ಎಂದು ಮಗನನ್ನು ಕೇಳಿದರು. "ಆಕಿ ಒಂದ ಅಂತಾಳ, ನೀ ಹತ್ತ ಅಂತಿ. ಬೈದಾಡಾಕತ್ತೀರೇನು?"

"ಇಲ್ಲಬೇ. ವಿಮಾದ ಪಾಠ."

"ಹಂಗಂದ್ರ?"

ಇವರು ನನ್ನ ಮುಖ ನೋಡಿದರು. ಆವತ್ತಿನ ಪಾಠ, ಯಾವುದಕ್ಕೆ ವಿಮೆ ಮಾಡಿಸುವ ಹಕ್ಕು ಯಾರಿಗಿದೆ ಎಂಬುದು. ಇಂಗ್ಲಿಷಿನಲ್ಲಿ ಆರು ಸಾಲು, ಇವರಿಗೆ ಬಾಯಿಪಾಠ. ಕನ್ನಡದಲ್ಲಿ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಅಂದ್ರ... ನೋಡಬೇ, ನಿಂದು ಒಂದು ಬಣವಿ ಐತಿ ಅಂತ ತಿಳಕೋ. ಬೆಂಕಿ ಬಿದ್ರ ನಿನಗ ಹಾನಿ. ಅದಕ್ಕ ನೀ ವಿಮಾ ಮಾಡಸಬಹುದು. ಮಗ್ಗಲ ಮನಿಯವನ ಬಣವಿಗೆ ಮಾಡಸಾಕ ಬರಂಗಿಲ್ಲ. ಅದು ಸುಟ್ಟರ ನಿನಗೇನು ಹಾನಿ?"

ಅತ್ತೆ ಸೊಪ್ಪಿನ ಕಡ್ಡಿ ಮುರಿದು ಒಗೆದರು. "ಯಾಕಿಲ್ಲ? ಅವನ ಬಣವಿಗೆ ಹತ್ತಿದ್ದ ಬೆಂಕಿ ಗಾಳಿಗೆ ನನ್ನ ಬಣವಿಗೆ ಬರಂಗಿಲ್ಲೇನು? ಹೋದ ಸುಗ್ಗಿಯಾಗ ಬಂದಿದ್ದಿಲ್ಲೇನು?"

ಇವರು ನನ್ನ ನೋಟುಬುಕ್ಕು ತಿರುವಿದರು. ನಾನೂ ಬಗ್ಗಿ ನೋಡಿದೆ. ಅರವತ್ತು ಪ್ರಶ್ನೆಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ!

ಇವರು ಪುಸ್ತಕ ಎಳೆದುಕೊಂಡರು. ಮನೆಗೆ ತಂದಂದಿನಿಂದ ಅವರು ಆ ಪುಸ್ತಕವನ್ನು ತಾವಾಗಿ ಹಾಗೆ ಎಳೆದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಬೆರಳಿಟ್ಟು ಸಾಲು ಸಾಲು ಓದಿದರು, ಒಂದು ಶಬ್ದಕ್ಕೆ ನನ್ನನ್ನು ಕೇಳಿದರು, ಮತ್ತೆ ಓದಿದರು. ಆಮೇಲೆ ತಲೆ ಎತ್ತಿದಾಗ ಮುಖ ಬೆಳಗಿಬಿಟ್ಟಿತ್ತು.

"ಅವ್ವಾ! ನಿನ್ನ ಬಣವಿ ಸುಟ್ಟರ ನಿನಗ ಹಾನಿ. ಬೆಂಕಿ ಎಲ್ಲಿಂದರೆ ಬರಲಿ. ಹಂಗಾದ್ರ ನಿನ್ನ ಬಣವಿಗೆ ವಿಮಾ ಮಾಡಸು. ಅವನ ಬಣವಿಗೂ ನಿನಗೂ ಸಂಬಂಧ ಇಲ್ಲ. ನಿನ್ನ ಹಕ್ಕು ನಿನ್ನ ಬಣವಿ ಮ್ಯಾಲ ಅಷ್ಟ."

"ಹಾಂ," ಅಂದರು ಅತ್ತೆ. "ಹಂಗ ಹೇಳು. ಇಲ್ಲಾಂದ್ರ ಮಂದಿ ಬಣವಿಗೆ ವಿಮಾ ಮಾಡಿಸಿ ತಾವ ಕಡ್ಡಿ ಗೀರ್ತಾರ."

ಅದೂ ಪುಸ್ತಕದಲ್ಲಿತ್ತು! ಆ ನಿಯಮ ಯಾಕೆ ಹುಟ್ಟಿತೆಂಬ ಕಾರಣ, ಮುಂದಿನ ಪುಟದಲ್ಲಿ. ಇವರಿಬ್ಬರ ಮಾತು ಕೇಳುತ್ತ ನನ್ನ ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು.

ಮರುದಿನ ಬೆಳಿಗ್ಗೆ ನಾನು ನೋಟುಬುಕ್ಕು ನೋಡದೆ, ಬೇರೆ ಮಾತಿನಲ್ಲಿ, ನಡುವಿನಿಂದ ಆ ಪಾಠದ ಪ್ರಶ್ನೆ ಕೇಳಿದೆ. ಇವರು ತಡೆಯಲೇ ಇಲ್ಲ. ಇಂಗ್ಲಿಷು ಅಲ್ಲಲ್ಲಿ ಕುಂಟಿತು, ಅರ್ಥ ಕುಂಟಲಿಲ್ಲ. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಕೈಯಲ್ಲಿ ಹಿಟ್ಟಿತ್ತು, ಅತ್ತೆ ಎದುರಿಗಿದ್ದರು.

ಅಲ್ಲಿಂದ ನಮ್ಮ ಮನೆಯ ಕ್ರಮವೇ ಬೇರೆಯಾಯಿತು. ಮೊದಲು ನಾನು ಒಂದು ಪಾಠವನ್ನು ಇಂಗ್ಲಿಷಿನಲ್ಲಿ ಓದಿ ಬಿಡಿಸಿ ಹೇಳುವುದು. ಎರಡನೆಯದಾಗಿ, ಅದನ್ನು ಇವರು ಅವ್ವನಿಗೆ ಒಪ್ಪಿಸುವುದು. ಅತ್ತೆಯವರ ಕಾನೂನು ಒಂದೇ: "ಇಂಗ್ಲಿಷ ಬಂತಂದ್ರ ನಾ ಎದ್ದು ಹೋಗಾಕಿ." ಒಂದೇ ಒಂದು ಇಂಗ್ಲಿಷ್ ಶಬ್ದ ನುಸುಳಿದರೂ ಸೊಪ್ಪಿನ ಬುಟ್ಟಿ ಎತ್ತಿಕೊಂಡು ನಿಜವಾಗಿಯೂ ಎದ್ದುಬಿಡುತ್ತಿದ್ದರು. ಅವರು ತಲೆ ಆಡಿಸುವವರೆಗೆ ಪಾಠ ಮುಗಿಯಲಿಲ್ಲ ಅಂತಲೇ ಅರ್ಥ. ಆಮೇಲೆ ಮೂರನೆಯದು, ಇವರು ಕಚೇರಿಗೆ ಹೋಗುವ ಮೊದಲು ಅದನ್ನೇ ಪುಸ್ತಕ ಮುಚ್ಚಿ ಮತ್ತೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುವುದು. ಮಧ್ಯಾಹ್ನ ನಾನು ಅದನ್ನು ತಿದ್ದುತ್ತಿದ್ದೆ, ಅಂಚಿನಲ್ಲಿ ಸಿಸ್ಟರ್ ಹಾಗೆ ಸಣ್ಣ ಸರಿಗುರುತು ಹಾಕುತ್ತ.

ಹಳೆಯ ನೋಟುಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮಗ್ಗುಲು ಮನೆಯಾಕೆಯ ಗಂಡ ಗಿರಣಿಯಲ್ಲಿ ಕಾಗದ ಕತ್ತರಿಸುವ ಕಡೆ ಇದ್ದ. ಅಲ್ಲಿ ಅಂಚು ಕತ್ತರಿಸಿ ಉಳಿದ ಪಟ್ಟಿಗಳನ್ನು ಒಂದು ಕಟ್ಟು ಕೊಟ್ಟ. ಬಿಳಿಯಲ್ಲ, ತುಸು ಹಳದಿ. ಮೂಸಿದರೆ ಗಿರಣಿಯ ಆ ಕೊಳೆತ ಕೋಸಿನಂಥ ವಾಸನೆ. ಒಂದೊಂದು ಪಟ್ಟಿಯಲ್ಲಿ ಒಂದೊಂದೇ ಪ್ರಶ್ನೆ ಬರೆದು, ಬೆನ್ನಿಗೆ ಉತ್ತರದ ಎರಡು ಮುಖ್ಯ ಮಾತು ಬರೆದೆ. ರೊಟ್ಟಿಬುಟ್ಟಿಯಲ್ಲಿ ಹಾಕಿ ಕಲಸಿ, "ತಗೀರಿ ಒಂದು," ಅನ್ನುವುದು. ಬಂದದ್ದು ಬಂದ ಹಾಗೆ. ಒಂದು, ಎರಡು, ಮೂರು ಎಂಬ ಸಾಲೇ ಇಲ್ಲ. ಥಟ್ಟನೆ ಹೇಳಿದರೆ ಆ ಪಟ್ಟಿ ಗೂಡಿನ ಡಬ್ಬಿಗೆ. ವಾರಕ್ಕೊಮ್ಮೆ ಮಾತ್ರ ತೆಗೆಯುವುದು. ತಡವರಿಸಿದರೆ ಬುಟ್ಟಿಗೇ ವಾಪಸು, ನಾಳೆ ಮತ್ತೆ. ಬುಟ್ಟಿ ದಿನದಿನಕ್ಕೆ ಬರಿದಾಗುವುದನ್ನು ನೋಡುವ ಖುಷಿ ಏನು ಹೇಳಲಿ! ನಾನು ನೀರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರೊಳಗೆ ಇಣುಕುತ್ತಿದ್ದೆ.

ಒಂದು ದಿನದ ಪಾಠ, ವಿಮೆ ಮಾಡಿಸುವವನು ತನಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನೆಲ್ಲ ಮುಚ್ಚಿಡದೆ ಹೇಳಬೇಕೆಂಬುದು. ಇವರು ಶುರು ಮಾಡಿದರು: "ಅವ್ವಾ, ಎತ್ತಿನ ಸಂತ್ಯಾಗ ಏನು ಮಾಡ್ತಾರ? ಕೊಳ್ಳಾಂವ ಹಲ್ಲು ನೋಡ್ತಾನ, ಗೊರಸು ನೋಡ್ತಾನ. ನೋಡದ ತಗೊಂಡ್ರ ಅದು ಅವನ ತಪ್ಪು. ವಿಮಾದಾಗ ಹಂಗಲ್ಲ. ನಿನಗ ದಮ್ಮಿನ ಬ್ಯಾನಿ ಇದ್ರ ಅದು ನಿನಗ ಗೊತ್ತು, ಕಂಪನಿಯವನಿಗೆ ಹಲ್ಲು ನೋಡಿದ್ರ ಗೊತ್ತಾಗೂದಿಲ್ಲ. ನೀನ ಹೇಳಬೇಕು."

"ಕೇಳಿದ್ರ ಹೇಳಬೇಕೋ, ಕೇಳದಿದ್ರೂ ಹೇಳಬೇಕೋ?"

"ಕೇಳದಿದ್ರೂ ಹೇಳಬೇಕು."

ಅತ್ತೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಯಪ್ಪಾ, ಈ ಕಾನೂನು ನಮ್ಮೂರಿಗೆ ತರಬ್ಯಾಡ. ಒಬ್ಬರದರೆ ಲಗ್ನ ಆಗತೈತೇನು? ನಿಮ್ಮಪ್ಪ ಗುರಕಿ ಹೊಡೀತಾನಂತ ನನಗ ಯಾರು ಹೇಳಿದ್ರು?"

ನಾನು ನಗು ತಡೆಯಲಾರದೆ ಹಿತ್ತಿಲಿಗೆ ಓಡಿದೆ. ಹಿಂದಿನಿಂದ ಅವರ ದನಿ: "ಓಡಬ್ಯಾಡವ್ವಾ, ನಿಂತು ಹೇಳು, ನಮ್ಮ ಹುಡುಗನ ಇಂಗ್ಲಿಷ ಇಷ್ಟು ಅಂತ ನಿಮ್ಮಪ್ಪಗ ನಾವು ಹೇಳಿದ್ವೇನು?"

ಅದಾದ ನಾಲ್ಕೈದು ದಿನಕ್ಕೆ, ದೊಡ್ಡ ಕೊಳಗವನ್ನು ಅವರೇ ಚೀಲ ಬಿಚ್ಚಿ ಹೊರಗೆ ತೆಗೆದರು. "ಸಣ್ಣ ಪಾತ್ರ್ಯಾಗ ಬ್ಯಾಳಿ ಬೇಯೂದಿಲ್ಲ," ಎಂದಷ್ಟೇ ಹೇಳಿದರು. ನಾನು ಬೇಳೆ ತೊಳೆದು ಅದರಲ್ಲೇ ಹಾಕಿದೆ.

ಪರೀಕ್ಷೆಗೆ ಎರಡು ವಾರ ಇರುವಾಗ ಸಾಹೇಬರ ಹತ್ತಿರ ಹಳೆಯ ಪ್ರಶ್ನೆಪತ್ರಿಕೆ ಬೇಡಿ ತರಿಸಿದೆ. ಭಾನುವಾರ ಮೂರು ತಾಸು ಗಡಿಯಾರ ಎದುರಿಗಿಟ್ಟು ಬರೆಸಿದೆ. ಎದ್ದು ನೀರು ಕುಡಿಯುವಂತಿಲ್ಲ, ನನ್ನನ್ನು ಏನೂ ಕೇಳುವಂತಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ಕೂತು ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದರು. ಮೊದಲ ಭಾನುವಾರ ಒಂದು ಪ್ರಶ್ನೆ ಉಳಿಯಿತು. ಎರಡನೆಯ ಭಾನುವಾರ ಹತ್ತು ನಿಮಿಷ ಉಳಿಯಿತು! ಉಳಿದ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವರು ಪೆನ್ನು ಹಿಡಿದುಕೊಂಡು ನನ್ನನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಡುವ ಹಿಂದಿನ ದಿನ ಪುಸ್ತಕ ಮುಟ್ಟುವುದು ಬೇಡ ಅಂದೆ. ಅದೊಂದು ಕಾನ್ವೆಂಟಿನ ಮಾತು ಮಾತ್ರ ನಾನು ಬಿಟ್ಟಿರಲಿಲ್ಲ. ಬುತ್ತಿ ಕಟ್ಟಿಕೊಂಡು ಮೂವರೂ ಮೌಳಂಗಿಯ ಕಡೆ ನದಿಯ ದಂಡೆಗೆ ಹೋದೆವು. ಕಾಳಿ ನದಿ ಕಲ್ಲುಗಳ ಮಧ್ಯೆ ಸಣ್ಣಗೆ ಸದ್ದು ಮಾಡುತ್ತಿತ್ತು. ಆಚೆ ದಾರಿಯಲ್ಲಿ ಬಿದಿರು ಹೇರಿದ ಲಾರಿ ಹೋಯಿತು, ಬಿದಿರಿನ ತುದಿಗಳು ಹಿಂದೆ ನೆಲ ಕೆರೆಯುತ್ತ. ಅತ್ತೆ ಅದನ್ನೇ ನೋಡುತ್ತಿದ್ದರು. ಇವರಿಗೆ ತಡೆಯಲಾಗಲಿಲ್ಲ.

"ಅವ್ವಾ, ಒಂದ ಒಂದು ಕೇಳ್ತೇನಿ. ಅಪಘಾತಕ್ಕಷ್ಟ ವಿಮಾ ಮಾಡಿಸಿದಾಂವ ಒಬ್ಬ ಅಣಶಿ ಅಡವಿಯೊಳಗ ಬಿದಿರು ಕಡಿಯಾಕ ಹೋಗಿ, ಬಿದ್ದು ಕಾಲು ಮುರಕೊಂಡ. ಎದ್ದು ಬರಾಕ ಆಗಲಿಲ್ಲ. ಮಳಿಯೊಳಗ ತೋಯಿಸ್ಕೊಂಡು ಬಿದ್ದಿದ್ದ, ಜ್ವರ ಬಂತು, ಸತ್ತ. ಅಂವ ಯಾತರಿಂದ ಸತ್ತ? ಬಿದ್ದಿದ್ದಕ್ಕೋ, ಜ್ವರಕ್ಕೋ?"

ಅತ್ತೆ ತಿರುಗಿಯೂ ನೋಡಲಿಲ್ಲ. "ಬಿದ್ದಿದ್ದಕ್ಕ. ಬೀಳದಿದ್ರ ಮಳಿ ಬಂದಾಗ ಎದ್ದು ಮನಿಗೆ ಬರ್ತಿದ್ದ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪುಸ್ತಕದಲ್ಲಿ ನಾಲ್ಕು ಪುಟ ವಾದ ಮಾಡಿ ಕೊನೆಗೆ ಅದೇ ಉತ್ತರ ಕೊಟ್ಟಿದ್ದರು.

"ಅವ್ವಾ, ನಾಳೆ ನೀನ ಹೋಗಿ ಕುಂಡ್ರು," ಅಂದರು ಇವರು.

"ಬ್ಯಾಡಪಾ. ನನಗ ರೈಲಿನಾಗ ತಲಿ ತಿರಗತೈತಿ."

ಈ ಸಲ ಸ್ಟೇಶನ್ನಿನಲ್ಲಿ ಇಳಿದವರು ನನ್ನನ್ನು ಕಂಡದ್ದೇ ಮಾತಾಡಲು ಶುರು ಮಾಡಿದರು, ಮನೆ ಬರುವವರೆಗೆ ನಿಲ್ಲಿಸಲಿಲ್ಲ. ಐದನೆಯ ಪ್ರಶ್ನೆ ಮೊದಲು ಬರೆದರಂತೆ, ಆಮೇಲೆ ಎರಡನೆಯದು, ಎಲ್ಲಿ ಬೇಕಾದಲ್ಲಿಂದ! ಎಲ್ಲ ಪೇಪರಿನಲ್ಲೂ ಎಲ್ಲವನ್ನೂ ಬರೆದಿದ್ದರು. ನಾನು ಚೀಲ ಇಸಿದುಕೊಂಡು ಅವರ ಹಿಂದೆ ಹಿಂದೆ ಓಡುತ್ತಿದ್ದೆ.

"ಉದಾಹರಣಾ ಕೊಡ್ರಿ ಅಂದಿದ್ರು," ಅಂದರು. "ಬಣವಿ ಬರದೆ. ಎತ್ತು ಬರದೆ. ಅಡವ್ಯಾಗ ಬಿದ್ದಾವನ್ನೂ ಬರದೆ."

ನನ್ನ ಕಾಲು ಅಲ್ಲೇ ನಿಂತಿತು. "ಹಡಗು ಬರೀಲಿಲ್ರಿ? ಪುಸ್ತಕದಾಗ ಎಲ್ಲಾ ಕಡೆ ಹಡಗು, ಗೋದಾಮು ಅದಾವಲ್ಲ!"

"ಹಡಗು ನೆನಪಾಗಲಿಲ್ಲ. ಬಣವೀನ ನೆನಪಾತು."

ಮುಂಬಯಿಯಲ್ಲಿ ಕೂತು ಪೇಪರು ನೋಡುವವರಿಗೆ ಬಣವೆ ಎಂದರೆ ಏನು ಗೊತ್ತು? ಎತ್ತಿನ ಹಲ್ಲು ನೋಡುವುದನ್ನು ಓದಿ ನಕ್ಕು ಕೆಂಪು ಗೆರೆ ಎಳೆದರೆ? ಫಲಿತಾಂಶ ಬರುವವರೆಗಿನ ಆ ತಿಂಗಳುಗಳಲ್ಲಿ ನಾನು ಇದನ್ನು ಎಷ್ಟು ಸಲ ಯೋಚಿಸಿದೆನೋ. ಮೊದಲ ಸಲ ಕಾನ್ವೆಂಟಿನ ಕ್ರಮದಿಂದ ಮುಳುಗಿಸಿದೆ, ಈ ಸಲ ಅಡುಗೆಮನೆಯ ಕ್ರಮದಿಂದ ಮುಳುಗಿಸಿದೆನೇ? ಮೂರನೆಯ ಸಲ ಇರಲಿಲ್ಲ. ಭಾವನವರು ಅಂಗಡಿಯ ಹಿಂದಿನ ಖೋಲಿಗೆ ನಮಗಾಗಿ ಸುಣ್ಣ ಹೊಡೆಸಿದ್ದಾರೆಂದು ಸುದ್ದಿ ಬಂದಿತ್ತು. ಇವರು ಅದನ್ನು ಕೇಳಿ, "ಅಣ್ಣ ಒಳ್ಳೇಂವ," ಅಂದು, ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಅದೊಂದು ದಿನ ಬೆಳಿಗ್ಗೆ ಹತ್ತೂವರೆಯ ಸುಮಾರು. ನಾನು ನಳದ ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದೆ. ದೂರದ ತಿರುವಿನಲ್ಲಿ ಇವರು ಬರುವುದು ಕಂಡಿತು. ಕಚೇರಿಯ ಹೊತ್ತಿನಲ್ಲಿ! ತಲೆಯ ಟೊಪ್ಪಿಗೆ ಕೈಯಲ್ಲಿತ್ತು. ನಡೆಯುತ್ತಿದ್ದವರು ನನ್ನನ್ನು ನೋಡಿದ್ದೇ ಓಡತೊಡಗಿದರು. ನಮ್ಮವರು ಓಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನೂ ಕೊಡ ಅಲ್ಲೇ ಬಿಟ್ಟು ಓಡಿದೆ, ಮನೆಯ ಕಡೆಗೆ. ಯಾಕೆ ಅವರ ಕಡೆಗೆ ಓಡದೆ ಮನೆಯ ಕಡೆಗೆ ಓಡಿದೆನೋ ಗೊತ್ತಿಲ್ಲ. ಬೀದಿಯಲ್ಲಿ ನಾಲ್ಕು ಮಂದಿಯ ಎದುರು ಗಂಡನ ಕಡೆ ಓಡಬಾರದೆಂದು ಕಾಲಿಗೇ ತಿಳಿದಿರಬೇಕು. ಇಬ್ಬರೂ ಒಟ್ಟಿಗೇ ಹೊಸ್ತಿಲು ದಾಟಿದೆವು.

ಅತ್ತೆ ಜೋಳ ಹಸನು ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಇವರಿಗೆ ಏದುಸಿರು, ಮಾತು ಹೊರಡದು.

"ಬಾಯಿ ಬಿಡಪಾ," ಅಂದರು ಅತ್ತೆ.

"ಆತು."

"ಏನಾತು?"

"ಎಲ್ಲಾ ಆತು. ನಾಲ್ಕೂ ಪೇಪರ ಆತು."

ಅತ್ತೆ ನನ್ನ ಕಡೆ ತಿರುಗಿದರು. ಅವರಿಗೆ ಮಗನ ಮಾತಿಗಿಂತ ನನ್ನ ತಲೆ ಆಡಿಸುವಿಕೆ ಬೇಕಿತ್ತೆಂದು ಕಾಣುತ್ತದೆ. ಇವರ ಕೈಯಲ್ಲಿದ್ದ ಉದ್ದ ಲಕೋಟೆ ಬೆವರಿಗೆ ಮೆತ್ತಗಾಗಿತ್ತು. ಬಿಡಿಸಿ ಓದಿದೆ. ಒಮ್ಮೆ ಓದಿ ನಂಬದೆ ಮತ್ತೊಮ್ಮೆ ಓದಿದೆ.

"ಹೌದ್ರಿ ಅತ್ತಿ. ಪಾಸ್."

"ಬಣವಿಗೆ ಎಷ್ಟು ಕೊಟ್ಟಾರ?"

"ಹಂಗ ಬಿಡಿಬಿಡಿ ಬರೆದಿರಂಗಿಲ್ರಿ."

"ಕೊಟ್ಟಿರಬೇಕ ಬಿಡು," ಅಂದರು. ಎದ್ದು ಹೋಗಿ ಉಳಿದಿದ್ದ ಚೀಲದ ಬಾಯಿ ಬಿಚ್ಚಿ, ಹಿತ್ತಾಳೆಯ ತಪ್ಪೇಲಿ ತೆಗೆದು ನನ್ನ ಕೈಗೆ ಕೊಟ್ಟರು. "ಹುಣಸಿಹಣ್ಣು ಹಚ್ಚಿ ತಿಕ್ಕು. ಹೋಳಿಗಿ ಮಾಡೂಣು. ಸಾಹೇಬರಿಗೂ ನಾಲ್ಕು ಕಳಸೂಣು." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು, ಕೂಡಲೇ, "ಕೊಡ ಎಲ್ಲವ್ವಾ? ಬಿಟ್ಟು ಬಂದೇನು? ಹೋಗ, ಯಾರರೆ ಒಯ್ದಾರು," ಎಂದು ನನ್ನನ್ನು ಗದರಿದರು.

ನಾನು ಕೊಡ ತರಲು ಹೋದಾಗ ಸಾಲಿನ ಹೆಂಗಸರು ಅದನ್ನು ತುಂಬಿಸಿ ಇಟ್ಟಿದ್ದರು. "ಏನಾತ್ರೀ?" ಎಂದು ಎಲ್ಲರೂ ಸುತ್ತಿಕೊಂಡರು. "ನಾವು ಇಲ್ಲೇ ಇರ್ತೇವ್ರಿ!" ಅಂದೆ. ಪಾಸಾದರು ಎಂದು ಹೇಳುವುದೇ ಮರೆತುಹೋಗಿತ್ತು.

ಸಂಜೆ ಇವರು ಕಚೇರಿಯಿಂದ ಬಂದು, ಸಾಹೇಬರು ಕಾಯಂ ಮಾಡುವ ಕಾಗದವನ್ನು ಮೇಲಿನ ಕಚೇರಿಗೆ ಕಳಿಸಿದರೆಂದು ಹೇಳಿದರು. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದ್ದರಂತೆ. ಇವರು ಅದನ್ನು ನುಂಗಿಕೊಂಡು ಹೋಳಿಗೆ ತಿನ್ನುತ್ತಿದ್ದರು. ನಾನು ಬಿಡಲಿಲ್ಲ.

"ಮುಂದಿನ ಭಾಗಕ್ಕೂ ಕುಂಡ್ರು ಅಂತಾರ. ಪುಸ್ತಕಾನೂ ಕೊಟ್ಟಾರ," ಅಂದರು, ಕೊರಳು ಬಗ್ಗಿಸಿ.

ಅತ್ತೆಯವರು ತುಪ್ಪದ ಸೌಟು ಹಿಡಿದೇ ನಿಂತರು. "ಇನ್ನೂ ಐತೇನು?"

"ಐತಿ."

"ಯಾವುದರದು?"

ಇವರು ನನ್ನ ಕಡೆ ನೋಡಿದರು. ನಾನು ಆಗಲೇ ಚೀಲದಿಂದ ಹೊಸ ಪುಸ್ತಕ ತೆಗೆದು ಮೊದಲ ಪಾಠ ತಿರುವಿದ್ದೆ. ಪುಟ ತುಂಬ ಅಂಕಿಗಳ ಪಟ್ಟಿ. ಸಾವಿರಾರು ಮಂದಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ತೀರಿಕೊಳ್ಳುತ್ತಾರೆ ಎಂದು ಐದೈದು ವರ್ಷಕ್ಕೆ ಒಂದೊಂದು ಸಾಲಿನಂತೆ ಬರೆದ ಪಟ್ಟಿ. ಹೇಳುವುದೋ ಬಿಡುವುದೋ ಎಂದು ಒಂದು ಕ್ಷಣ ಅನುಮಾನಿಸಿ, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅತ್ತೆ ಬಂದು ನನ್ನ ಪಕ್ಕದಲ್ಲಿ ಕೂತು, ಅಕ್ಷರ ಬಾರದ ಆ ಪುಟವನ್ನು ಬಗ್ಗಿ ನೋಡಿದರು.

"ನನ್ನ ವಯಸ್ಸಿನವ್ರು ಎಲ್ಲಿ ಅದಾರವ್ವಾ ಇದರಾಗ?"

ನಾನು ಪುಟದ ಕೆಳಗಡೆ ಬೆರಳಿಟ್ಟೆ. ಅವರು ನನ್ನ ಬೆರಳಿನಿಂದ ಪುಟದ ತುದಿಯವರೆಗೆ ಉಳಿದ ಸಾಲುಗಳನ್ನು ಕಣ್ಣಲ್ಲೇ ಅಳೆದರು. ಆಮೇಲೆ ಮಗನ ಮುಂದಿನ ತಾಟು ಎತ್ತಿ ಪಕ್ಕಕ್ಕಿಟ್ಟರು.

"ಇನ್ನೂ ಏಳೆಂಟು ಸಾಲು ಅದಾವ. ಆದ್ರೂ ಏನು ನಂಬಿಗಿ? ಲಗೂ ಶುರು ಮಾಡಪಾ," ಅಂದರು. "ಇಂಗ್ಲಿಷ ಮಾತ್ರ ಬ್ಯಾಡ."